ಗೌರಿಯ ಕಣ್ಣ ಕೆಳಗಿನ ಸುಳಿ

ಕುದುರೆಗೆ ಕಾಲು ನಾಲ್ಕು. ಇಷ್ಟನ್ನು ಕಲಿಯಲು ನನಗೆ ಆರು ವರ್ಷ ಹಿಡಿಯಿತು. ನಗಬೇಡಿ, ಒಂದು ಹಾಳೆ ತಗೊಂಡು ಈಗಲೇ ಒಂದು ಕುದುರೆ ಬರೆದು ನೋಡಿ. ಮುಖ, ಕುತ್ತಿಗೆ, ಬೆನ್ನು ಬರೆಯುವವರೆಗೆ ನೀವು ದೊಡ್ಡ ಕಲಾವಿದರು. ಹಿಂಗಾಲಿಗೆ ಬಂದಾಗ ಗೊತ್ತಾಗುತ್ತದೆ ನಿಮ್ಮ ಬಂಡವಾಳ. ಅದು ಎತ್ತ ಮಡಚುತ್ತದೆ, ಎಲ್ಲಿ ಸಣ್ಣಗಾಗುತ್ತದೆ, ಗೊರಸು ನೆಲಕ್ಕೆ ಹೇಗೆ ಊರುತ್ತದೆ ಎಂಬುದನ್ನು ದಿನಾ ಕುದುರೆ ಮೇಯಿಸುವವನೂ ಬಾಯಿಬಿಟ್ಟು ಹೇಳಲಾರ.

ನಾನು ಗಜೇಂದ್ರಗಡದ ಪೇಂಟರ್ ಚನ್ನಬಸಪ್ಪ. ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳ ಗೋಡೆಗಳ ಮೇಲೆ ನಲವತ್ತು ವರ್ಷ ಕುದುರೆ, ಹೋರಿ, ಟಗರು, ಕುರಿಹಿಂಡು ಬರೆದವನು. ಈಗ ಕೈ ನಡುಗುತ್ತದೆ. ಕುಂಚ ತೊಳೆದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ್ದೇನೆ. ಚಿತ್ರಕಲೆ ಕಲಿತ ಹುಡುಗ ಹುಡುಗಿಯರು ಆಗಾಗ ಬಂದು "ಅನುಭವ ಹೇಳ್ರಿ ಕಾಕಾ" ಎಂದು ಕೂರುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಸರೋಜಾ ಒಳಗಿನಿಂದ ಕೂಗುತ್ತಾಳೆ: "ಲಗೂನ ಚಾ ಕುಡದ ಏಳ್ರಿ ಹುಡುಗರಾ, ಇವರ ಕುದರಿ ಬಿಟ್ರ ಸಂಜೀತನಾ ನಿಲ್ಲೂದಿಲ್ಲ!" ಅದಕ್ಕೇ ಬರೆದಿಡುತ್ತಿದ್ದೇನೆ. ಸನ್ಮಾನ, ಶಾಲು, ಹಾರದ ಸುದ್ದಿ ಇಲ್ಲಿಲ್ಲ. ಆ ಶಾಲುಗಳು ನಮ್ಮ ಮನೆಯಲ್ಲಿ ಟೀವಿಯ ಮೇಲೆ ಧೂಳು ಕೂರದಂತೆ ಕಾಯುತ್ತಿವೆ, ಅಷ್ಟು ಸಾಕು. ಹೇಳುವುದೆಲ್ಲ ನನ್ನ ತಪ್ಪುಗಳನ್ನೇ. ಅದರಲ್ಲಿ ಒಂದು ತಪ್ಪಿನಿಂದ, ಗೌರಿ ಎಂಬ ಒಂದು ಕುದುರೆ ಬೆಳೆದ ಮನೆ ಬಿಟ್ಟು ಇಟ್ಟಿಗೆ ಭಟ್ಟಿಗೆ ಹೋಗುವುದರಲ್ಲಿತ್ತು. ಅದಕ್ಕೆ ಸ್ವಲ್ಪ ಧೈರ್ಯ ಬೇಕು, ಹಾಗಾಗಿ ಕಡೆಗೆ ಇಟ್ಟುಕೊಂಡಿದ್ದೇನೆ.

ನನಗೆ ಕುಂಚ ಹಿಡಿಸಿದವರು ನರಗುಂದದ ಗಂಗಾಧರ ಮಾಸ್ತರರು. ಸಾಲಿ ಮಾಸ್ತರರಲ್ಲ, ಬೋರ್ಡು ಬರೆಯುವವರು. ಬೀಡಿ ಬಾಯಲ್ಲಿಟ್ಟುಕೊಂಡೇ ಬೈಯುವ ಕಲೆ ಅವರಿಗೆ ಒಲಿದಿತ್ತು. ಎಷ್ಟು ಜೋರಾಗಿ ಬೈದರೂ ಬೀಡಿ ಬೀಳುತ್ತಿರಲಿಲ್ಲ. ನಾನು ಸೇರಿದ ಹೊಸತರಲ್ಲಿ ದಾದಾಸಾಬ ಎಂಬ ಟಾಂಗಾದವನು ಬಂದು, ತನ್ನ ಟಾಂಗಾದ ಹಿಂದಿನ ಹಲಗೆಯ ಮೇಲೆ ತನ್ನ ಕುದುರೆಯ ಚಿತ್ರ ಬೇಕೆಂದ. ಮಾಸ್ತರರು ಆ ಕೆಲಸ ನನಗೆ ಬಿಟ್ಟರು. ನಾನು ಕುದುರೆಯ ಮುಖವನ್ನೂ ನೋಡದೆ ಒಂದೇ ಮಧ್ಯಾಹ್ನದಲ್ಲಿ ಬರೆದು ಬಿಸಾಕಿದೆ. ದಾದಾಸಾಬ ಹಲಗೆಯ ಮುಂದೆ ನಿಂತ, ಬಾಗಿದ, ಪಕ್ಕಕ್ಕೆ ಸರಿದು ನೋಡಿದ.

"ಮಾಸ್ತರ, ಚಲೋ ಬರದಾನ್ರಿ ಹುಡುಗ. ಆದ್ರ ಇದು ಕುದರಿ ಅಲ್ರಿ. ಯಾರೋ ಮನಶ್ಯಾ ಕುದರಿ ವೇಷಾ ಹಾಕ್ಯಾನ."

ಹಿಂಗಾಲುಗಳನ್ನು ನಾನು ನಮ್ಮ ನಿಮ್ಮ ಮೊಣಕಾಲಿನಂತೆ ಮುಂದಕ್ಕೆ ಮಡಚಿದ್ದೆ. ಕುಂಚ ಸರಿಯಿಲ್ಲ, ಬಣ್ಣ ಗಟ್ಟಿಯಾಗಿತ್ತು ಎಂದೇನೋ ಅಂದೆ. ಮಾಸ್ತರರು ಬೀಡಿ ಕದಲಿಸದೆ ಹೇಳಿದರು: "ಕುಣ್ಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ. ನಾಳಿಂದ ಟಾಂಗಾ ನಿಲ್ಲೂ ಜಾಗಾಕ್ಕ ಹೋಗು. ಒಂದ ತಿಂಗಳ ಬರೇ ಕಾಲು ಬರಿ. ಮುಖಾ ಬರದಿ ಅಂದ್ರ ಕೈ ಮುರೀತೀನಿ."

ಹೋದೆ. ಪಾಟಿ, ಸೀಮೆಸುಣ್ಣ ಹಿಡಿದು ಟಾಂಗಾಗಳ ನಡುವೆ ನೆಲದ ಮೇಲೆ ಕೂತು, ತಿಂಗಳಿಡೀ ಕಾಲು ಬರೆದೆ. ಎರಡು ಸಲ ಒದೆಸಿಕೊಂಡೆ. ಲದ್ದಿಯ ವಾಸನೆ ನನ್ನ ಅಂಗಿಗೆ ಎಷ್ಟು ಹತ್ತಿತ್ತೆಂದರೆ, ಆಗಿನ್ನೂ ನಿಶ್ಚಿತಾರ್ಥವಷ್ಟೇ ಆಗಿದ್ದ ಸರೋಜಾಳ ಕಡೆಯವರು "ಹುಡುಗ ಏನ್ ಮಾಡತಾನಂದ್ರಿ?" ಎಂದು ಮತ್ತೊಮ್ಮೆ ವಿಚಾರಿಸಿದರು. ಆದರೆ ಅಂದಿನಿಂದ ಇಂದಿನವರೆಗೆ ನನ್ನ ಯಾವ ಕುದುರೆಯೂ ಮನುಷ್ಯರಂತೆ ನಿಂತಿಲ್ಲ. ನೋಡದೆ ಬರೆಯಬಾರದು ಎಂಬುದು ಮಾಸ್ತರರ ಒಂದೇ ಪಾಠ. ಅದೇ ಪಾಠ ಮುಂದೆ ನನ್ನನ್ನು ಹೇಗೆ ಸಿಕ್ಕಿಸಿತು ಎಂಬುದನ್ನು ನೋಡುವಿರಂತೆ.

ಮಾಸ್ತರರ ಹತ್ತಿರದಿಂದ ಬಿಟ್ಟುಬಂದು ಗಜೇಂದ್ರಗಡದಲ್ಲಿ ನನ್ನದೇ ಕಸುಬು ಹಿಡಿದೆ. ಅಂಗಡಿ ಬೋರ್ಡು ಹೊಟ್ಟೆಗೆ, ಕುದುರೆ ಹುರುಪಿಗೆ. ಒಂದು ಸಲ ರೋಣದ ಅರಿವೆ ಅಂಗಡಿಯ ಸಾಹುಕಾರರು ಹೇಳಿಕಳಿಸಿದರು. ಓಡುವ ಏಳು ಬಿಳಿ ಕುದುರೆಗಳ ಚಿತ್ರ ಅಂಗಡಿಯಲ್ಲಿದ್ದರೆ ವ್ಯಾಪಾರ ಓಡುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಗೋಡೆ ತುಂಬ ಬರೆದೆ. ನನಗೇ ಹೆಮ್ಮೆ ಎನಿಸುವಂತೆ ಬಂತು. ಸಾಹುಕಾರರು ಬಟ್ಟೆ ಅಳೆಯುವ ಪಟ್ಟಿ ತಗೊಂಡು ಬಂದು, ಒಂದೊಂದೇ ಕಾಲಿಗೆ ಮುಟ್ಟಿಸುತ್ತಾ ಎಣಿಸಿದರು.

"ಇಪ್ಪತ್ತಾರು ಆದ್ವು. ಏಳು ನಾಕಲೆ ಇಪ್ಪತ್ತೆಂಟು. ಉಳದ ಎರಡ ಕಾಲು ಎಲ್ಲಿ?"

"ಮುಂದಿನ ಕುದರಿ ಹಿಂದ ಮರ್ಯಾಗ ಅದಾವ್ರಿ ಸಾಹುಕಾರ್ರ. ಓಡೂ ಮುಂದ ಹಂಗಽ ಕಾಣತೈತಿ."

"ಮರ್ಯಾಗ ಇದ್ರ ನಡ್ಯಂಗಿಲ್ಲ. ಕುಂಟ ಕುದರಿ ಕಟಗೊಂಡು ನನ್ನ ವ್ಯಾಪಾರ ಎಲ್ಲಿ ಓಡಬೇಕು?"

ಎರಡು ಕಾಲು ಸೇರಿಸಿದೆ. ಮರುದಿನ ಅವರ ತಾಯಿ ಬಂದು ಎಣಿಸಿ ಇಪ್ಪತ್ತೊಂಬತ್ತು ಎಂದರು. ಹೆಚ್ಚಿನದು ಯಾವ ಕುದುರೆಯದೆಂದು ಹುಡುಕಿ ಒಂದು ಅಳಿಸಿದೆ. ಅಳಿಸಿದ್ದು ಬೇರೆಯದರ ಕಾಲು ಎಂದು ಸಂಜೆಗೆ ಗೊತ್ತಾಯಿತು. ಮೂರನೆಯ ದಿನ ತಲೆ ಕೆಟ್ಟು, ಕೆಮ್ಮಣ್ಣಿನ ಬಣ್ಣ ಕಲಸಿ, ಏಳೂ ಕುದುರೆಗಳ ಮೊಣಕಾಲಿನ ಕೆಳಗೆಲ್ಲ ಧೂಳೆಬ್ಬಿಸಿಬಿಟ್ಟೆ. ಸಾಹುಕಾರರು ಪಟ್ಟಿ ಹಿಡಿದು ನಿಂತು ನೋಡಿದರು. ಎಣಿಸಲು ಏನೂ ಉಳಿದಿರಲಿಲ್ಲ. "ಹಾಂ, ಈಗ ಓಡಾಕ ಹತ್ತ್ಯಾವ ನೋಡ್ರಿ!" ಎಂದು ಬೆನ್ನು ತಟ್ಟಿದರು. ಹೊಸಬರೇ, ಧೂಳು ಬರೆಯುವುದನ್ನು ಮೊದಲು ಕಲಿತುಬಿಡಿ.

ಆದರೆ ನನಗೆ ಖರೆ ಸುಖ ಕೊಟ್ಟ ಗಿರಾಕಿಗಳು ಕುರಿಗಾರರು. ನಮ್ಮ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುತ್ತಾರಲ್ಲ, ಆ ಹಿಂಡಿನವರು. ಅವರ ಜೊತೆ ಒಂದೋ ಎರಡೋ ಗಿಡ್ಡ ಕುದುರೆ ಇದ್ದೇ ಇರುತ್ತವೆ. ಗುಡಾರದ ತಾಡಪತ್ರಿ, ಕಂಬಳಿ, ಬೋಗುಣಿ, ಜೋಳದ ಚೀಲ, ಕಟ್ಟಿದ ಕೋಳಿ, ಹಿಂದಿನ ದಿನ ಹುಟ್ಟಿದ ಕುರಿಮರಿ, ಎಲ್ಲ ಅದರ ಬೆನ್ನ ಮೇಲೆ. ಇಡೀ ಸಂಸಾರ ಹೊತ್ತು ಹೊಲದಿಂದ ಹೊಲಕ್ಕೆ ನಡೆಯುತ್ತದೆ. ಊರಲ್ಲಿ ಮನೆ ಕಟ್ಟಿಸಿದಾಗ ಆ ಕುದುರೆಯ ಚಿತ್ರ ಬಾಗಿಲ ಪಕ್ಕದ ಗೋಡೆಯ ಮೇಲೆ ಬರಬೇಕು. ಇವರ ಹತ್ತಿರ ಧೂಳಿನ ಆಟ ನಡೆಯುವುದಿಲ್ಲ. "ಈ ಕಿವಿ ನಮ್ಮ ಕುದರೀದಲ್ಲ" ಎನ್ನುತ್ತಾರೆ. "ಮುಂದಿನ ಬಲಗಾಲಾಗ ಗೊರಸು ಸ್ವಲ್ಪ ಒಡದೈತಿ, ಬರದಿಲ್ಲ ನೀವು" ಎನ್ನುತ್ತಾರೆ. ಒಬ್ಬಾತನಂತೂ ನಾನು ಹಿನ್ನೆಲೆಯಲ್ಲಿ ಬರೆದ ಗುಡ್ಡ, ಸೂರ್ಯ, ತೆಂಗಿನ ಮರ ತೋರಿಸಿ, "ಇವೆಲ್ಲಾ ಯಾರವ್ರಿ? ನಮ್ಮವಲ್ಲ, ತಗೀರಿ" ಎಂದ. ಅಂದಿನಿಂದ ಹಿನ್ನೆಲೆ ಬರೆಯುವುದನ್ನೇ ಬಿಟ್ಟೆ.

ಆಮೇಲೆ ಫ್ಲೆಕ್ಸ್ ಬಂತು. ಬೋರ್ಡಿನ ಕೆಲಸ ಒಂದೆರಡು ವರ್ಷದಲ್ಲಿ ನೀರಾಗಿ ಹೋಯಿತು. ಮೊಬೈಲ್ ಬಂದ ಮೇಲೆ ಗಿರಾಕಿಗಳು ಕುದುರೆಯ ಫೋಟೊ ಕಳಿಸಿ "ಇದನ್ನಽ ಬರೀರಿ, ಬರೂದು ಬ್ಯಾಡ" ಅನ್ನತೊಡಗಿದರು. ನನಗೂ ಆರಾಮ ಅನಿಸಿತು. ಜಕ್ಕಲಿಯ ಒಬ್ಬರು ಕಳಿಸಿದ ಫೋಟೊ ನೋಡಿ ಗೋಡೆಯ ಮೇಲೆ ಚೌಕ ಹಾಕಿಕೊಂಡು ಹಾಗೆಯೇ ಇಳಿಸಿದೆ. ಫೋಟೊ ತೆಗೆದವರು ಕುದುರೆಯ ಮೂಗಿಗೆ ಹತ್ತಿ ನಿಂತು ತೆಗೆದಿದ್ದರು. ಯಜಮಾನರು ಹೊರಗೆ ಬಂದು ನೋಡಿ, "ಪೇಂಟರ್ರ, ತಲಿ ನಗಾರಿ ಆಗೇತಿ, ಬುಡಕ ನೋಡಿದ್ರ ಆಡು!" ಎಂದರು. ಮಾಸ್ತರರು ಬದುಕಿದ್ದರೆ ಕೈ ಮುರಿಯುತ್ತಿದ್ದರು. ಪುನಃ ಹಳೆಯ ರೂಢಿಗೇ ಬಂದೆ. ಕುದುರೆಯ ಮುಂದೆ ಕೂರುವುದು, ನೋಡುವುದು, ಆಮೇಲೆ ಬರೆಯುವುದು.

ಹೀಗೆ ಕೂತು ನೋಡಿ ಬರೆದದ್ದರಲ್ಲೇ ನನ್ನ ದೊಡ್ಡ ತಪ್ಪು ಆದದ್ದು.

ರಾಜೂರಿನ ನೀಲವ್ವ ಎಂಬ ಹೆಣ್ಣುಮಗಳು ನನ್ನನ್ನು ಕರೆಸಿದಳು. ಗಂಡ ಫಕೀರಪ್ಪ ಬಾಯಿಸತ್ತ ಮನುಷ್ಯ, ಒಳ್ಳೆಯವನು. ಅವನ ಅಣ್ಣ ಹನುಮಪ್ಪ ಮನೆಗೆ ಹಿರಿಯ. ಇಬ್ಬರದೂ ಒಂದೇ ಹಿಂಡು, ಒಂದೇ ಅಂಗಳಕ್ಕೆ ಬಾಗಿಲಿದ್ದ ಎರಡು ಮನೆ. ಹಿಂಡಿನ ಸಾಮಾನು ಹೊರುತ್ತಿದ್ದುದು ಗೌರಿ, ಕಂದು ಬಣ್ಣದ ಹೆಣ್ಣು ಕುದುರೆ. ಗೌರಿ ಹುಟ್ಟಿದ ವಾರಕ್ಕೇ ಅದರ ತಾಯಿ ಜಕ್ಕಲಿಯ ಹೊಲವೊಂದರಲ್ಲಿ ಹಾವು ಕಚ್ಚಿ ಸತ್ತಿತ್ತು. ನೀಲವ್ವ ಆಡಿನ ಹಾಲು ಕುಡಿಸಿ, ಚಳಿಯಲ್ಲಿ ತನ್ನ ಕಂಬಳಿಯೊಳಗೆ ಹಾಕಿಕೊಂಡು ಬೆಳೆಸಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. "ನನ್ನ ಮಗಳ ಚಿತ್ರಾ ಬರೀರಿ ಪೇಂಟರ್ರ" ಎಂದೇ ಕರೆದಿದ್ದಳು. ಗೌರಿಯೂ ಅಷ್ಟೇ. ಅವಳನ್ನು ಬಿಟ್ಟು ಯಾರು ಮುಖಕ್ಕೆ ಕೈ ಹಾಕಿದರೂ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಿತ್ತು. ಹನುಮಪ್ಪ ಒಮ್ಮೆ ಒದೆಸಿಕೊಂಡು ಎಂಟು ದಿನ ಕುಂಟಿದ್ದನಂತೆ. ಅದರಿಂದಾಗಿ ಅವನು ಹತ್ತು ಮಾರು ದೂರದಲ್ಲೇ ನಿಂತು ಅದನ್ನು ಬೈಯುತ್ತಿದ್ದ.

ಗೌರಿಯ ಮುಖಪಟ್ಟಿಗೆ ಎಡಗಣ್ಣಿನ ಹತ್ತಿರ ಒಂದು ಕರಿ ಉಣ್ಣೆಯ ಗೊಂಡೆ ಇಳಿಬಿಟ್ಟಿತ್ತು. ಕೆನ್ನೆಗೆಲ್ಲ ದಿನಾ ಅರಿಷಿಣ ಎಣ್ಣೆ ಸವರಿರುತ್ತಿತ್ತು. ತಾಯಿಯ ಮುದ್ದು ಎಂದು ಎಲ್ಲರಂತೆ ನಾನೂ ತಿಳಿದೆ. ಎರಡು ದಿನ ಕುದುರೆಯ ಮುಂದೆ ಕೂತು ನೋಡಿದೆ. ಎರಡನೆಯ ದಿನ ನೀಲವ್ವ ಒಳಗೆ ಚಹಾ ಮಾಡಲು ಹೋದಾಗ ನೊಣ ಕಚ್ಚಿತೆಂದು ಗೌರಿ ತಲೆ ಕೊಡವಿತು. ಗೊಂಡೆ ಆ ಕಡೆ ಹಾರಿತು. ಕಣ್ಣಿನ ಕೆಳಗೆ ಸಣ್ಣದೊಂದು ಸುಳಿ ಕಂಡಿತು. ಕೂದಲು ತಿರುಗಿ ತಿರುಗಿ ನಡುವೆ ಚುಕ್ಕೆಯಾಗಿ ನಿಂತಿತ್ತು. ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಕುಣಿಯುವುದೊಂದು ಬಾಕಿ. ಸಾವಿರ ಕಂದು ಕುದುರೆಗಳಲ್ಲಿ ಇದು ಗೌರಿಯೇ ಎಂದು ಗುರುತಿಸಬಹುದಾದ ವಿಷಯ ಸಿಕ್ಕಿತ್ತು.

ಎತ್ತಿನ ಸುಳಿಗಳ ಒಳಿತು ಕೆಡುಕು ನನಗೆ ಅಷ್ಟಿಷ್ಟು ಗೊತ್ತಿತ್ತು. ಕುದುರೆಯದು ಗೊತ್ತಿರಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ಮೂರನೆಯ ದಿನ ನೀಲವ್ವ ಗಜೇಂದ್ರಗಡದ ಸಂತೆಗೆ ಹೋಗಿದ್ದಾಗ ಚಿತ್ರ ಮುಗಿಸಿದೆ. ಗೊಂಡೆ ಮುಖದ ಚೆಲುವನ್ನು ಮುಚ್ಚುತ್ತದೆ ಎಂದು ನನ್ನ ಜಾಣತನದಿಂದ ಅದನ್ನು ಬಿಟ್ಟೇಬಿಟ್ಟೆ. ಸಣ್ಣ ಕುಂಚ ತಗೊಂಡು ಸುಳಿಯನ್ನು ಮಾತ್ರ ಒಂದು ತಾಸು ಕೂತು, ಕೂದಲು ಕೂದಲಾಗಿ ಬರೆದೆ. ಅಷ್ಟು ಚಂದ ನಾನು ಮತ್ತೇನನ್ನೂ ಬರೆದಿಲ್ಲ.

ಅಂದು ಹಿಂಡು ಹೊರಡಿಸುವ ಮಾತಿಗೆ ನಾಲ್ಕೂರಿನ ಕುರಿಗಾರರು ಆ ಅಂಗಳದಲ್ಲಿ ಸೇರುವವರಿದ್ದರು. ಮೊದಲು ಬಂದವನು ಹನುಮಪ್ಪ. ಗೋಡೆ ನೋಡಿದ. ಮುಖ ಹತ್ತಿರ ತಂದು ನೋಡಿದ. ಹೆಗಲ ಮೇಲಿನ ಕಂಬಳಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಕಣ್ಣಬುಡಕ ಸುಳಿ" ಎಂದ. "ಪೇಂಟರ್ರ, ಇದು ಗೌರೀಗೆ ಐತೇನು?"

"ಐತಲ್ರಿ! ಎಷ್ಟ ಚಂದ ಐತಿ ನೋಡ್ರಿ" ಎಂದೆ ನಾನು, ಹಲ್ಲು ಕಿರಿದುಕೊಂಡು.

ಅವನು ನನ್ನನ್ನು ಬೈಯಲಿಲ್ಲ. ಬಂದ ಬಂದವರಿಗೆಲ್ಲ ಗೋಡೆ ತೋರಿಸಿದ. ಕಣ್ಣಿನ ಕೆಳಗೆ ಸುಳಿ ಇರುವ ಕುದುರೆ ಕಟ್ಟಿದ ಮನೆಗೆ ಕಣ್ಣೀರು ತಪ್ಪದು ಎಂಬುದು ಅವರ ನಂಬಿಕೆ. ಅದಕ್ಕೆ ಕಣ್ಣೀರ ಸುಳಿ ಎನ್ನುತ್ತಾರೆ. ಹನುಮಪ್ಪ ಬೆರಳು ಮಡಚಿ ಹೇಳತೊಡಗಿದ: ಹಿಂದಿನ ವರ್ಷ ಟಗರುಗಳು ಕಳುವಾದದ್ದು, ಅವನ ಹೆಂಡತಿ ಜಾರಿ ಬಿದ್ದು ಕಾಲು ಮುರಿದು ದವಾಖಾನಿಯಲ್ಲಿ ಮಲಗಿದ್ದು, ನೀಲವ್ವನ ಮಡಿಲು ತುಂಬದ್ದು. ಎಲ್ಲವೂ ಗೌರಿಯ ತಲೆಗೆ ಬಂತು. ಸುಳಿಯ ಸುದ್ದಿ ತಿಳಿದ ಮೇಲೆ ಯಾವ ಕುರಿಗಾರನೂ ಅದನ್ನು ಕೊಳ್ಳಲಾರ. ಕೊಳ್ಳುವವರೆಂದರೆ ಇಟ್ಟಿಗೆ ಭಟ್ಟಿಯವರು. ಅಲ್ಲಿ ಬೆನ್ನು ಒಡೆಯುವವರೆಗೆ ಇಟ್ಟಿಗೆ ಹೊರಿಸುತ್ತಾರೆ. "ಹಿಂಡು ಹೊಂಡೂದರೊಳಗ ಇದನ್ನ ಹೊರಗ ಹಾಕೂಣು" ಎಂದ ಹನುಮಪ್ಪ. ಹತ್ತು ತಲೆಗಳು ಹೌದೆಂದು ಆಡಿದವು.

ಅಷ್ಟರಲ್ಲಿ ನೀಲವ್ವ ಸಂತೆಯ ಚೀಲ ಹೊತ್ತು ಬಂದಳು. ಗೋಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಗೊಂಡೆ ಯಾಕೆ, ಅರಿಷಿಣ ಯಾಕೆ, ಯಾರಿಗೂ ಮುಖ ಮುಟ್ಟಗೊಡದಂತೆ ಯಾಕೆ ಬೆಳೆಸಿದಳು ಎಂಬುದೆಲ್ಲ ಒಂದೇ ಗಳಿಗೆಯಲ್ಲಿ ಹೊಳೆಯಿತು. ಒಂಬತ್ತು ವರ್ಷ ಗಂಡನಿಗೂ ಗೊತ್ತಾಗದಂತೆ ಕಾದದ್ದನ್ನು ನಾನು ಒಂದು ತಾಸಿನಲ್ಲಿ, ಎಲ್ಲರಿಗೂ ಕಾಣುವಂತೆ, ಬಾಗಿಲ ಪಕ್ಕದಲ್ಲಿ ಬರೆದು ನಿಲ್ಲಿಸಿದ್ದೆ.

ಬಾಯಿಗೆ ಬಂದದ್ದನ್ನು ಅಂದೆ: "ಹನುಮಪ್ಪಣ್ಣಾರ, ತಪ್ಪಾತ್ರಿ. ಅದು ಕುದರೀದಲ್ಲ, ನನ್ನದು. ಕಣ್ಣಬುಡಕ ಹೊಳಪು ಬರಲಿ ಅಂತ ನಾ ಎಲ್ಲಾ ಕುದರಿಗೂ ಹಿಂಗ ಕುಂಚಾ ತಿರುವತೀನ್ರಿ. ಚಟಾ."

"ಈಗ ಐತಿ ಅಂದ್ರಿ?"

"ಚಿತ್ರದಾಗ ಐತಿ ಅಂದೆ."

ಇಂಥ ಹಸಿ ಸುಳ್ಳನ್ನು ನನ್ನ ಹೆಂಡತಿಯ ಮುಂದೆ ಹೇಳಿದ್ದರೆ ಲಟ್ಟಣಿಗೆ ಬರುತ್ತಿತ್ತು. ಹನುಮಪ್ಪನೂ ನಂಬಲಿಲ್ಲ. "ಕುದರೀನ ತರ್ರಿ. ಮಲ್ಲಜ್ಜ ನೋಡ್ಲಿ" ಎಂದ. ಚಿಕ್ಕನರಗುಂದದಿಂದ ಬಂದಿದ್ದ ಮಲ್ಲಜ್ಜನೆಂದರೆ ಆ ಮಂದಿಯಲ್ಲಿ ಸುಳಿ ನೋಡುವುದಕ್ಕೆ ಹೆಸರಾದವನು. ಅವನು ನೋಡಿ ಹೇಳಿದ ಮೇಲೆ ಇನ್ನೊಬ್ಬರು ನೋಡುವ ಪದ್ಧತಿಯಿಲ್ಲ. ಆಗಲೇ ಅವನ ಕಣ್ಣು ಮಂಜಾಗಿದ್ದವು. ಹೆಬ್ಬೆರಳಿನಿಂದ ಸವರಿಯೇ ನೋಡುತ್ತಿದ್ದ. ನೀಲವ್ವ ಗೌರಿಯನ್ನು ಬಿಚ್ಚಿ ತಂದಳು. ನಾನೂ ಹೋಗಿ ಅವಳ ಪಕ್ಕದಲ್ಲಿ ಹಗ್ಗ ಹಿಡಿದೆ.

ಮಲ್ಲಜ್ಜ ಕೋಲು ಊರಿಕೊಂಡು ಬಂದ. "ಮಂದಿ ಮುತ್ತಿದ್ರ ಕುದರಿ ಬೆದರತೈತಿ. ಹಿಂದ ಸರೀರಿ ಎಲ್ಲಾರೂ" ಎಂದ. ಹನುಮಪ್ಪನಿಗಂತೂ ಹೇಳಬೇಕಾಗಿರಲಿಲ್ಲ. ಅಜ್ಜ ಗೌರಿಯ ಕಿವಿಯ ಬಳಿ ಏನೋ ಮಾತಾಡಿದ. ಆಶ್ಚರ್ಯವೆಂದರೆ ಅದು ಕಚ್ಚಲಿಲ್ಲ. ಹೆಬ್ಬೆರಳು ಹಣೆಯ ಮೇಲೆ ಹರಿಯಿತು, ಕುತ್ತಿಗೆಗೆ ಇಳಿಯಿತು, ಎದೆ ಮುಟ್ಟಿತು. ಬಲಗಣ್ಣಿನ ಕೆಳಗೆ ಬಂತು, ಮುಂದೆ ಹೋಯಿತು. ಗೊಂಡೆ ಸರಿಸಿ ಎಡಗಣ್ಣಿನ ಕೆಳಗೆ ಬಂದು ಅಲ್ಲಿ ನಿಂತಿತು.

ನಾನು ಪಕ್ಕದಲ್ಲೇ ಇದ್ದೆ. ಅರಿಷಿಣದ ಎಣ್ಣೆಯ ಮೇಲೆ ಆ ಹೆಬ್ಬೆರಳು ನಿಧಾನವಾಗಿ ಒಂದು ಸುತ್ತು ಸುತ್ತಿತು. ಅದೇ ಸುತ್ತನ್ನು ನನ್ನ ಕುಂಚ ಸುತ್ತಿತ್ತು. ನೀಲವ್ವ ಕಣ್ಣು ಮುಚ್ಚಿಕೊಂಡಿದ್ದಳು.

"ಎಷ್ಟ ವರ್ಷ ಆತವಾ, ಇದು ನಿನ್ನ ಕೈಯಾಗ?" ಅಜ್ಜ ಕೇಳಿದ.

"ಒಂಬತ್ತ ವರ್ಷ ಯಜ್ಜಾ" ಎಂದಳು.

"ತಾಯಿ ಸತ್ತಿತ್ತಂತಲ್ಲ?"

"ಹೌದು ಯಜ್ಜಾ."

ಅಜ್ಜ ಗೊಂಡೆಯನ್ನು ಮೊದಲಿದ್ದಲ್ಲಿಗೇ ಬಿಟ್ಟು, ಅದನ್ನು ಸರಿಯಾಗಿ ಕೂರಿಸಿ, ನನ್ನ ಕಡೆ ತಿರುಗಿದ. "ಏನಪಾ ಪೇಂಟರ್, ಎಷ್ಟ ವರ್ಷ ಆತು ನಿನ್ನ ಕಸಬಿಗೆ?"

"ಮೂವತ್ತಕ್ಕ ಬಂತ್ರಿ ಅಜ್ಜಾರ."

"ಮೂವತ್ತ ವರ್ಷಾತು, ಕುದರಿ ಮುಖಾ ಬರ್ಯಾಕ ಬರೂದಿಲ್ಲ ನಿನಗ! ಇಲ್ಲದ ಸುಳಿ ತಂದು ಮಂದಿ ಮನಿ ಮುರೀಬೇಕಂತೀ? ಅಳಸು ಮೊದಲ!"

ಅಂಗಳದಲ್ಲಿ ಗೊಳ್ಳೆಂದು ನಗು ಎದ್ದಿತು. ನಾನು ಡಬ್ಬಿ ತೆಗೆದು, ಕಂದು ಬಣ್ಣ ಕಲಸಿ, ನನ್ನ ಜನ್ಮದಲ್ಲೇ ಚಂದವಾಗಿ ಬಂದಿದ್ದ ಆ ಸುಳಿಯ ಮೇಲೆ ಬಳಿದೆ. ಎರಡು ಸಲ ಬಳಿದೆ, ಯಾಕೆಂದರೆ ಮೊದಲ ಸಲಕ್ಕೆ ಒಳಗಿನದು ಇಣುಕುತ್ತಿತ್ತು. ಅಳಿಸಲು ಮನಸ್ಸಿಲ್ಲ, ಆದರೂ ಹಾರಿ ಕುಣಿಯುವಷ್ಟು ಸಮಾಧಾನ. ನೀಲವ್ವ ಅಡುಗೆಮನೆಗೆ ಹೋಗಿ ಬಂದಳು. ನನ್ನ ಚೀಲಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರಿನ ಡಬ್ಬಿ ತುಂಬಿದಳು, ತುಂಬುತ್ತಲೇ ಇದ್ದಳು. ಚೀಲದ ಬಾಯಿ ಕಟ್ಟಲು ಬಾರದಷ್ಟು ತುಂಬಿದಳು.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಮಲ್ಲಜ್ಜನೂ ಅಲ್ಲೇ ಕಟ್ಟೆಯ ಮೇಲಿದ್ದ. ತಡೆಯಲಾಗಲಿಲ್ಲ. "ಅಜ್ಜಾರ, ನಿಮ್ಮ ಬೆರಳಿಗೆ ಏನೂ ಹತ್ತಲಿಲ್ಲೇನ್ರಿ?" ಎಂದು ಕೇಳಿದೆ.

"ವಯಸ್ಸಾತಲ್ಲೋ ತಮ್ಮಾ, ಕೈ ಜೋಮು ಹಿಡೀತಾವು" ಎಂದು ಹೆಬ್ಬೆರಳು ನೀವಿಕೊಂಡ. ಬಸ್ಸು ಬಂತು, ಯಾರ ಕೈಯನ್ನೂ ಹಿಡಿಯದೆ ಟಣ್ಣನೆ ಹತ್ತಿ ಹೋದ.

ಸುದ್ದಿ ನನಗಿಂತ ಮೊದಲು ಗಜೇಂದ್ರಗಡ ಮುಟ್ಟಿತ್ತು. ಇಲ್ಲದ ಸುಳಿ ಬರೆದ ಪೇಂಟರ್ ಎಂದೇ ಹೆಸರು ಬಿತ್ತು. ಬೆಳೆಸಿದ ಹೆಸರು ಹೀಗೆ ಒಂದು ಬಣ್ಣದ ಚುಕ್ಕೆಗೆ ಹೋಯಿತಲ್ಲ ಎಂದು ಮೊದಮೊದಲು ಉರಿಯುತ್ತಿತ್ತು. ಒಂದು ಊರಿನವರು ಒಪ್ಪಿದ ಕೆಲಸ ಬೇಡವೆಂದರು. ಇನ್ನೊಂದು ಕಡೆ ನಾನು ಬರೆಯುವಾಗ ಮುದುಕರೊಬ್ಬರನ್ನು ಪಕ್ಕದಲ್ಲಿ ಕಾವಲು ಕೂರಿಸಿದರು. ರೋಣದ ಸಾಹುಕಾರರಂತೂ, "ಕಾಲು ಎಣಸಾಕ ಬರ್ತಿರಲಿಲ್ಲ, ಈಗ ಸುಳೀನೂ ಹೋತೇನ್ರಿ?" ಎಂದು ಅಂಗಡಿ ತುಂಬ ನಕ್ಕರು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ಹೌದ್ರಿ, ತಪ್ಪಾಗಿತ್ತು." ಸರೋಜಾಳಿಗೂ ಅಷ್ಟೇ ಹೇಳಿದೆ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಅವಳ ಓಣಿಯ ಹೆಣ್ಣುಮಕ್ಕಳು ಊರಲ್ಲಿ ಇಲ್ಲದಿದ್ದಾಗ ಮಾತ್ರ.

ಈಗ ಯಾಕೆ ಬರೆಯುತ್ತಿದ್ದೇನೆ ಎನ್ನುತ್ತೀರಿ. ಗೌರಿ ಆ ಮನೆಯಲ್ಲೇ ಮುದಿಯಾಗಿ, ಹೋದ ವರ್ಷ ಅಂಗಳದಲ್ಲೇ ಕಣ್ಣು ಮುಚ್ಚಿತು. ಈ ಸಲ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಸುವಾಗ ನೀಲವ್ವ ನನಗೆ ಹೇಳಿಕಳಿಸಿದಳು. ಕುಂಚ ಬಿಟ್ಟಿದ್ದೇನೆ ಎಂದರೂ ಕೇಳಲಿಲ್ಲ. ಹೋದೆ. ಗೋಡೆಗೆಲ್ಲ ಸುಣ್ಣ ಬಿದ್ದಿತ್ತು, ಚಿತ್ರದ ಸುತ್ತ ಒಂದು ಗೇಣು ಬಿಟ್ಟಿದ್ದರು. ಹನುಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನಿಗೂ ತಲೆ ಪೂರಾ ಬೆಳ್ಳಗಾಗಿತ್ತು.

"ಸುಳಿ ಬರದು ಹೋಗ್ರಿ ಪೇಂಟರ್ರ" ಎಂದಳು ನೀಲವ್ವ. "ಅದಿಲ್ಲದ ನನಗ ಇದು ಆಕಿ ಅಂತ ಅನಸವಲ್ತು."

ನಾನು ಗಾಬರಿಯಾಗಿ ಹನುಮಪ್ಪನನ್ನು ನೋಡಿದೆ. ನೀಲವ್ವ ನಕ್ಕಳು. "ಎಲ್ಲಾ ಹೇಳೀನ್ರಿ. ಆಕಿ ಹೋದ ದಿವಸನಽ ಭಾವಗ ಹೇಳಿಬಿಟ್ಟೆ. ಕಣ್ಣೀರ ಸುಳಿ ಅಂದಿದ್ರಲ್ರಿ ಆವತ್ತು, ಖರೇ ಆತು ನೋಡ್ರಿ. ಅಷ್ಟ ವರ್ಷ ಯಾರೂ ಅಳಲಿಲ್ಲ. ಆಕಿ ಹೋದ ದಿವಸ ಈ ಮನ್ಯಾಗ ಅಳದಾವರು ಯಾರೂ ಉಳೀಲಿಲ್ಲ."

ಈ ಬರಹಕ್ಕೆ ಅವಳ ಒಪ್ಪಿಗೆ ಸಿಕ್ಕಿದ್ದೂ ಆಗಲೇ. ಡಬ್ಬಿ ಬಿಚ್ಚಿದೆ. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಗೋಡೆಯ ಹತ್ತಿರ ಹೋದೆ. ಹತ್ತು ವರ್ಷಗಳ ಮೇಲಾಗಿತ್ತು, ನೆನಪಿನ ಮೇಲೆಯೇ ಜಾಗ ಹಿಡಿದು ಕುಂಚ ಮುಟ್ಟಿಸುವವನಿದ್ದೆ.

"ಅಲ್ಲಲ್ಲ ಪೇಂಟರ್ರ. ಇನ್ನಽ ಸ್ವಲ್ಪ ಕೆಳಗ" ಎಂದು ಹಿಂದಿನಿಂದ ಹನುಮಪ್ಪನ ದನಿ ಬಂತು. ಎದ್ದು ಬಂದು ಬೆರಳು ಇಟ್ಟು ತೋರಿಸಿದ. "ಇಲ್ಲಿ."

ನೀಲವ್ವ ಸುಣ್ಣದ ಬಕೆಟ್ಟು ಕೆಳಗಿಟ್ಟಳು. "ಭಾವಾ, ನಿಮಗ ಹ್ಯಾಂಗ ಗೊತ್ತು?"

"ಕಡೀ ಎರಡ ವರ್ಷ ನೀ ಮೊಣಕಾಲು ಬ್ಯಾನಿ ಅಂತ ಹಾಸಗಿ ಹಿಡದಿದ್ದೆಲ್ಲ" ಎಂದ ಹನುಮಪ್ಪ, ಅವಳ ಕಡೆ ನೋಡದೆ. "ಆಕಿ ಮುಖಕ್ಕ ದಿನಾ ಅರಿಷಿಣ ಯಾರು ಹಚ್ಚಿದ್ರು ಅಂತ ತಿಳಕೊಂಡಿದ್ದಿ?"

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹನುಮಪ್ಪ ಬೆರಳು ತೆಗೆಯಲಿಲ್ಲ. ಆ ಬೆರಳಿನ ಸುತ್ತಲೇ ಕುಂಚ ತಿರುಗಿಸಿದೆ.